ಜೂನ್ 5ರ ಸಸಿ ಶಾಗ್ಯದಲ್ಲಿ ಯಾಕೆ ಒಣಗುತ್ತೆ? ಚಿಕ್ಕ ಮಕ್ಕಳಿಗೆ ಪರಿಸರ ಕಲಿಸೋದರ ಬಗ್ಗೆ

ಜೂನ್ ಬಂತು ಅಂದ್ರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಕಾರ್ಯಕ್ರಮ ಗ್ಯಾರಂಟಿ. ಎನ್‌ಎಸ್‌ಎಸ್ ಟೀಮ್ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಜಾಗತಿಕ ತಾಪಮಾನದ ಬಗ್ಗೆ ಇಪ್ಪತ್ತು ಸ್ಲೈಡ್ ತೋರಿಸ್ತಾರೆ. ಕರಗುತ್ತಿರೋ ಹಿಮ, ಒಂಟಿ ಹಿಮಕರಡಿ, ಹೊಗೆ ಉಗುಳೋ ಚಿಮಣಿ. ಆಮೇಲೆ ಐದು ಸಸಿ ನೆಟ್ಟು, ಬ್ಯಾನರ್ ಹಿಡಿದು ಗ್ರೂಪ್ ಫೋಟೋ ತೆಗೆಸಿ, ಮಕ್ಕಳಿಗೆ ಬಿಸ್ಕೆಟ್ ಕೊಟ್ಟು ಬಸ್ ಹತ್ತುತ್ತಾರೆ. ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ಪುಸ್ತಕದಲ್ಲಿ ಒಂದು ಎಂಟ್ರಿ ಆಯ್ತು.

ಇದನ್ನ ತಮಾಷೆ ಮಾಡೋಕೆ ಬರೀತಿಲ್ಲ. ಹೋಗೋರ ಉದ್ದೇಶ ಒಳ್ಳೇದೇ. ಆದರೆ ಆರೇಳು ವರ್ಷದ ಮಗುವಿಗೆ ಪರಿಸರ ಕಲಿಸೋದು ಅಂದ್ರೇನು ಅನ್ನೋದನ್ನ ನಾವು ಒಂದು ಸಲನಾದ್ರೂ ಕೂತು ಯೋಚಿಸಿದೀವಾ? ಒಂದು ಸರ್ಕ್ಯೂಟ್ ಡಿಸೈನ್ ಮಾಡೋಕೆ ಮುಂಚೆ ಇನ್‌ಪುಟ್ ಏನು, ಔಟ್‌ಪುಟ್ ಏನು ಅಂತ ಕೇಳ್ತೀವಿ. ಇಲ್ಲಿ ಮಾತ್ರ ಯಾವ ಪ್ರಶ್ನೆನೂ ಕೇಳಲ್ಲ.

ಆ ಪ್ರಶ್ನೆನ ಒಂದು ನಿಜವಾದ ಊರಲ್ಲಿಟ್ಟು ಕೇಳೋಣ ಅಂತ ಈ ಲೇಖನ. ಊರು ಶಾಗ್ಯ. ಚಾಮರಾಜನಗರ ಜಿಲ್ಲೆ, ಹನೂರು ತಾಲೂಕು. ಹನೂರು ಪ್ರತ್ಯೇಕ ತಾಲೂಕು ಆಗೋ ಮುಂಚೆ ಕೊಳ್ಳೇಗಾಲ ತಾಲೂಕಿಗೆ ಸೇರಿತ್ತು. ನನ್ನ ಅಮ್ಮನ ತವರು ಅದೇ ಸೀಮೆ. ಹಾಗಾಗಿ ಅಲ್ಲಿನ ಮಕ್ಕಳ ಜೊತೆ ರಜೆಯಲ್ಲಿ ಸಾಕಷ್ಟು ಸುತ್ತಿದೀನಿ.

ಈ ಪಾಠ ಎಲ್ಲಿಂದ ಬಂತು?

ಮೊದಲು ಸ್ವಲ್ಪ ಹಿನ್ನೆಲೆ. 1977ರ ಅಕ್ಟೋಬರ್‌ನಲ್ಲಿ, ಆಗಿನ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾದ ಟಿಬಿಲಿಸಿಯಲ್ಲಿ ಪರಿಸರ ಶಿಕ್ಷಣದ ಬಗ್ಗೆ ಒಂದು ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಪರಿಸರ ಶಿಕ್ಷಣದಲ್ಲಿ ಐದು ಅಂಶ ಇರಬೇಕು ಅಂತ ಅಲ್ಲಿ ತೀರ್ಮಾನ ಆಯ್ತು: ಅರಿವು, ಜ್ಞಾನ, ಮನೋಭಾವ, ಕೌಶಲ, ಭಾಗವಹಿಸುವಿಕೆ.

ನಮ್ಮ ದೇಶದಲ್ಲಿ 1991ರ ನವೆಂಬರ್‌ನಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನ ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕು ಅಂತ ಹೇಳಿತು. ನಾವೆಲ್ಲ ಪರೀಕ್ಷೆ ಹಿಂದಿನ ರಾತ್ರಿ ಓದಿ ಪಾಸಾಗೋ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪೇಪರ್‌ನ ಬೇರು ಅಲ್ಲಿದೆ. ಸರ್ಕಾರಿ ಶಾಲೆ ಮಕ್ಕಳ ಕೈಯಲ್ಲಿರೋ ‘ಪರಿಸರ ಅಧ್ಯಯನ’ ಪುಸ್ತಕಕ್ಕೂ ಇದೇ ಹಿನ್ನೆಲೆ.

ಟಿಬಿಲಿಸಿಯ ಐದು ಅಂಶಗಳಲ್ಲಿ ನಮ್ಮ ಸ್ಲೈಡ್‌ಗಳು ಮುಟ್ಟೋದು ಮೊದಲಿನ ಎರಡನ್ನ ಮಾತ್ರ. ಅರಿವು ಮತ್ತು ಜ್ಞಾನ. ಉಳಿದ ಮೂರನ್ನ, ಅಂದ್ರೆ ಮನೋಭಾವ, ಕೌಶಲ, ಭಾಗವಹಿಸೋದು, ಸ್ಲೈಡ್‌ನಿಂದ ಕೊಡೋಕಾಗಲ್ಲ. ಅದಕ್ಕೆ ಮಗುವಿನ ಕೈ ಕೆಲಸ ಮಾಡಬೇಕು.

ಯಾವ ವಯಸ್ಸಿಗೆ ಏನು?

ಪಿಯಾಜೆ ಅನ್ನೋ ಮನಶ್ಶಾಸ್ತ್ರಜ್ಞರ ಹೆಸರು ಬಿ.ಎಡ್ ಮಾಡಿರೋ ನಿಮ್ಮ ಮನೆಯವರ್ಯಾರಾದ್ರೂ ಹೇಳಿರಬಹುದು. ಅವರ ಪ್ರಕಾರ ಸುಮಾರು ಏಳರಿಂದ ಹನ್ನೊಂದು ವರ್ಷದ ಮಕ್ಕಳು ತರ್ಕ ಮಾಡ್ತಾರೆ, ಆದರೆ ಕಣ್ಣಿಗೆ ಕಾಣೋ, ಕೈಗೆ ಸಿಗೋ ವಸ್ತುಗಳ ಬಗ್ಗೆ. ಕಾಣದೇ ಇರೋ ಅಮೂರ್ತ ವಿಷಯ ಆಮೇಲಿನದು. ಕಾರ್ಬನ್ ಡೈಆಕ್ಸೈಡ್ ಕಾಣಲ್ಲ. ಓಜೋನ್ ಪದರ ಕಾಣಲ್ಲ. ಮೂರನೇ ಕ್ಲಾಸ್ ಹುಡುಗನಿಗೆ ‘ಓಜೋನ್ ಪದರದಲ್ಲಿ ರಂಧ್ರ’ ಅಂದ್ರೆ, ಆಕಾಶದಲ್ಲಿ ಎಲ್ಲೋ ಬಟ್ಟೆ ಹರಿದಿದೆ ಅನ್ನೋ ಚಿತ್ರ ಬರುತ್ತೆ. ಪರೀಕ್ಷೆಯಲ್ಲಿ ಸರಿ ಉತ್ತರ ಬರೀತಾನೆ. ಅಷ್ಟೆ.

ಇನ್ನೊಂದು ಸಮಸ್ಯೆ ಭಯದ್ದು. ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ಸೋಬೆಲ್ 1996ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು, ‘ಬಿಯಾಂಡ್ ಎಕೋಫೋಬಿಯಾ’ ಅಂತ. ಅವರ ವಾದ ಸರಳ. ತೀರ ಚಿಕ್ಕ ಮಕ್ಕಳಿಗೆ ಅಮೆಜಾನ್ ಕಾಡು ಸುಡ್ತಿದೆ, ಪ್ರಾಣಿಗಳು ಸಾಯ್ತಿವೆ ಅಂತ ಹೇಳಿದ್ರೆ ಅವರಿಗೆ ಕಾಳಜಿ ಹುಟ್ಟಲ್ಲ, ಭಯ ಹುಟ್ಟುತ್ತೆ. ಭಯ ಜಾಸ್ತಿ ಆದಾಗ ಮಗು ಆ ವಿಷಯದಿಂದಲೇ ದೂರ ಸರಿಯುತ್ತೆ. ಯಾಕಂದ್ರೆ ಅದರ ಬಗ್ಗೆ ತಾನು ಏನೂ ಮಾಡೋಕಾಗಲ್ಲ ಅಂತ ಮಗುವಿಗೆ ಗೊತ್ತು. ಹಾಗಾಗಿ ಸುಮಾರು ನಾಲ್ಕನೇ ಕ್ಲಾಸ್‌ವರೆಗೆ ದುರಂತದ ಕಥೆ ಬೇಡ, ಮೊದಲು ಹಿತ್ತಲು, ಕೆರೆ, ಬೀದಿ ಮರದ ಜೊತೆ ಸ್ನೇಹ ಆಗಲಿ ಅನ್ನೋದು ಅವರ ಸಲಹೆ.

ದೊಡ್ಡವರಾದ ಮೇಲೆ ಪರಿಸರಕ್ಕಾಗಿ ಕೆಲಸ ಮಾಡೋರು ಯಾಕೆ ಹಾಗಾದರು ಅಂತಾನೂ ಸಂಶೋಧನೆ ಆಗಿದೆ. 1980ರಲ್ಲಿ ಥಾಮಸ್ ಟ್ಯಾನರ್, ಆಮೇಲೆ ಲೂಯಿಸ್ ಚಾವ್ಲಾ ಇಂಥವರನ್ನ ಕೇಳಿ ನೋಡಿದರು. ಮತ್ತೆ ಮತ್ತೆ ಬಂದ ಉತ್ತರ ಎರಡು. ಒಂದು, ಚಿಕ್ಕವರಿದ್ದಾಗ ಹೊರಗೆ, ಮರ ನೀರು ಮಣ್ಣಿನ ಜೊತೆ ಕಳೆದ ಸಮಯ. ಎರಡು, ಆಗ ಜೊತೆಗಿದ್ದು ‘ಇಲ್ನೋಡು’ ಅಂತ ತೋರಿಸಿದ ಒಬ್ಬ ದೊಡ್ಡವರು. ಅಪ್ಪ, ಅಜ್ಜಿ, ಮೇಷ್ಟ್ರು, ಯಾರಾದರೂ ಸರಿ.

ನಮ್ಮಲ್ಲಿ ಇದನ್ನ ಬರವಣಿಗೆಯಲ್ಲಿ ಮಾಡಿದವರು ಇದ್ದಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗೋಸ್ಕರ ‘ಬಾಲ ಪ್ರಪಂಚ’ ತಂದರು. ಪುತ್ತೂರಿನ ‘ಬಾಲವನ’ ಅವರದೇ. ತೇಜಸ್ವಿಯವರ ‘ಪರಿಸರದ ಕತೆ’ ಓದಿದೋರಿಗೆ ಗೊತ್ತು, ಅದರಲ್ಲಿ ಉಪದೇಶಕ್ಕಿಂತ ಕಿವಿ ಅನ್ನೋ ನಾಯಿನೇ ಜಾಸ್ತಿ ನೆನಪಿರುತ್ತೆ.

ಶಾಗ್ಯದ ಮಗುವಿಗೆ ಈಗಾಗಲೇ ಗೊತ್ತಿರೋದು

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಗುವಿಗೆ ಸಮಸ್ಯೆ ಏನಂದ್ರೆ ಪ್ರಕೃತಿ ದೂರ ಇದೆ. ಹನೂರು ಸೀಮೆ ಮಗುವಿಗೆ ಆ ಸಮಸ್ಯೆ ಇಲ್ಲವೇ ಇಲ್ಲ. ಒಂದು ಕಡೆ ಕಾವೇರಿ ವನ್ಯಜೀವಿ ಧಾಮ, 1987ರದ್ದು. ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಜೀವಿ ಧಾಮ, 2013ರಲ್ಲಿ ಘೋಷಣೆಯಾಗಿದ್ದು, 900 ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡಂಚಿನ ಹಳ್ಳಿಗಳಲ್ಲಿ ರಾಗಿ, ಮುಸುಕಿನ ಜೋಳದ ಹೊಲಕ್ಕೆ ಆನೆ ಬರೋದು ಟಿವಿ ಸುದ್ದಿ ಅಲ್ಲ, ಮನೆ ಸುದ್ದಿ.

ನನ್ನ ಮಾವನ ಮಗಳು ಮೂರನೇ ಕ್ಲಾಸ್. ಅವಳ ಪುಸ್ತಕದ ಪಾಠ ಓದಿಸ್ತಾ ನಾನು ‘ಪ್ರಾಣಿಗಳನ್ನ ಪ್ರೀತಿ ಮಾಡಬೇಕು’ ಅಂದೆ. ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಅಕ್ಕ, ರಾತ್ರ ಆನ ಬಂದ್ರ ಪಟಾಕಿ ಹೊಡೀಬೇಕು ಕನಾ. ಪ್ರೀತಿ ಮಾಡಕಾಯ್ತದಾ?”

ಈ ಪ್ರಶ್ನೆಗೆ ನಮ್ಮ ಸ್ಲೈಡ್‌ಗಳಲ್ಲಿ ಉತ್ತರ ಇಲ್ಲ. ಹಿಮಕರಡಿ ಮೇಲೆ ಕನಿಕರ ಪಡೋದು ಸುಲಭ, ಅದು ಯಾರ ಹೊಲಕ್ಕೂ ಬರಲ್ಲ. ಇಲ್ಲಿ ಮಗುವಿಗೆ ಪರಿಸರ ಅಂದ್ರೆ ಅಪ್ಪ ರಾತ್ರಿ ಕಾವಲಿಗೆ ಹೋಗೋದು, ಬೆಳಿಗ್ಗೆ ತುಳಿದು ಹೋದ ಬೆಳೆ. ಅದನ್ನ ಬಿಟ್ಟು ‘ಪ್ರಕೃತಿ ನಮ್ಮ ತಾಯಿ’ ಅಂತ ಮಾತ್ರ ಹೇಳಿದ್ರೆ ಮಗು ಎರಡು ಲೆಕ್ಕ ಇಟ್ಟುಕೊಳ್ಳುತ್ತೆ: ಶಾಲೆಯಲ್ಲಿ ಬರೆಯೋಕೆ ಒಂದು, ಮನೆಯಲ್ಲಿ ನಂಬೋಕೆ ಒಂದು. ಇದು ನನ್ನ ಮುಖ್ಯ ಮಾತು. ಚಿಕ್ಕ ಮಗುವಿಗೆ ಪರಿಸರ ಕಲಿಸೋದು ಅಂದ್ರೆ ಮಗುವಿನ ಸ್ವಂತ ಊರಿನಿಂದ ಶುರು ಮಾಡಬೇಕು, ಅಲ್ಲಿನ ಕಷ್ಟವನ್ನೂ ಸೇರಿಸಿ.

ಹೇಗೆ ಅನ್ನೋದಕ್ಕೆ ನಾಲ್ಕು ಉದಾಹರಣೆ ಕೊಡ್ತೀನಿ.

1. ಮಳೆ ಯಾವಾಗ ಬರುತ್ತೆ?

ಟೈಟಲ್‌ನಲ್ಲಿರೋ ಪ್ರಶ್ನೆಗೆ ಬರೋಣ. ವಿಶ್ವ ಪರಿಸರ ದಿನ ಜೂನ್ 5. ಮಲೆನಾಡಲ್ಲಿ, ಕರಾವಳಿಯಲ್ಲಿ ಆ ವಾರ ಸಸಿ ನೆಟ್ಟರೆ ಮುಂಗಾರು ನೋಡಿಕೊಳ್ಳುತ್ತೆ. ಆದರೆ ಕೊಳ್ಳೇಗಾಲ, ಹನೂರು ಭಾಗ ಮಳೆ ನೆರಳಿನ ಪ್ರದೇಶ. ಇಲ್ಲಿ ಮೇ ತಿಂಗಳಲ್ಲಿ ಗುಡುಗು ಸಮೇತ ಒಂದಷ್ಟು ಮಳೆ ಆಗುತ್ತೆ. ಜೂನ್, ಜುಲೈ ಕಡಿಮೆ, ಬರೀ ಗಾಳಿ. ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ 5ಕ್ಕೆ ನೆಟ್ಟ ಸಸಿ ನೀರು ಹಾಕೋರಿಲ್ಲದೆ ಜುಲೈಗೆ ಒಣಗೋದ್ರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕ್ಯಾಲೆಂಡರ್ ಆ ಊರಿನ ಮಳೆಗೆ ಹೊಂದಲ್ಲ.

ಇದನ್ನ ಮಕ್ಕಳೇ ಕಂಡುಹಿಡಿಯೋ ಹಾಗೆ ಮಾಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆ ಥರ ಅದರಲ್ಲೇ ಇಡಿ. ಬಾಟಲಿ ತಳ ಉಬ್ಬು ತಗ್ಗು ಇರುತ್ತೆ, ಅದಕ್ಕೆ ಸ್ವಲ್ಪ ಕಲ್ಲು ಹಾಕಿ, ನೇರ ಭಾಗ ಶುರುವಾಗೋ ಮಟ್ಟಕ್ಕೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಿ. ಹೊರಗೆ ಒಂದು ಸ್ಕೇಲ್ ಅಂಟಿಸಿ. ಮಳೆಮಾಪಕ ರೆಡಿ. ಬಾಯಿ ಮತ್ತು ಮೈ ಒಂದೇ ಅಗಲ ಇರೋದ್ರಿಂದ ಏರಿದ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ವಿಸ್ತೀರ್ಣ ಎರಡೂ ಕಡೆ ಕ್ಯಾನ್ಸಲ್ ಆಗುತ್ತೆ, ನಮಗೆ ಗೊತ್ತಿರೋದೇ.

ಗೋಡೆ ಮೇಲೆ ಹನ್ನೆರಡು ತಿಂಗಳ ಚಾರ್ಟ್ ಹಾಕಿ, ದಿನಾ ಒಬ್ಬೊಬ್ಬರು ಬರೀಲಿ. ವರ್ಷದ ಕೊನೆಗೆ ಯಾವ ತಿಂಗಳ ಪಟ್ಟಿ ಉದ್ದ ಅಂತ ಮಕ್ಕಳೇ ನೋಡ್ತಾರೆ. ಆಗ ಕೇಳಿ: “ಗಿಡ ಯಾವಾಗ ನೆಡೋಣ?” ಉತ್ತರ ಅವರೇ ಹೇಳ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹುಣಸೆ ಬೀಜ ಎತ್ತಿಟ್ಟು, ಹಾಲಿನ ಖಾಲಿ ಕವರ್‌ನಲ್ಲಿ ಸಸಿ ಮಾಡಿ, ಸೆಪ್ಟೆಂಬರ್‌ನಲ್ಲಿ ನೆಟ್ಟರೆ ಎರಡು ತಿಂಗಳ ಮಳೆ ಸಿಗುತ್ತೆ. ಹೊಂಗೆ, ಬೇವು, ನೇರಳೆ, ನೆಲ್ಲಿ ಕೂಡ ಈ ಬಿಸಿಲಿಗೆ ತಡೆಯೋ ಮರಗಳೇ. ಏಪ್ರಿಲ್, ಮೇ ರಜೆಯಲ್ಲಿ ನೀರು ಯಾರು ಹಾಕ್ತಾರೆ ಅನ್ನೋದನ್ನ ನೆಡೋ ದಿನವೇ ತೀರ್ಮಾನ ಮಾಡಬೇಕು. ಶಾಲೆ ಪಕ್ಕದ ಮನೆ ಮಕ್ಕಳ ಹೆಸರಲ್ಲಿ ಸರದಿ ಹಾಕಿ. ಐದು ಸಸಿ ನೆಟ್ಟು ಐದೂ ಸತ್ತರೆ ಮಗು ಕಲಿಯೋ ಪಾಠ ‘ಇದೆಲ್ಲ ಫೋಟೋಗೆ’ ಅನ್ನೋದು. ಒಂದೇ ನೆಟ್ಟು ಅದು ಬದುಕಿದ್ರೆ ಕಲಿಯೋದು ಬೇರೆ.

2. ರೇಷ್ಮೆ ಹುಳ ಹೇಳೋ ಪಾಠ

ಕೊಳ್ಳೇಗಾಲ ಅಂದ್ರೆ ರೇಷ್ಮೆ. ಈ ಭಾಗದ ಎಷ್ಟೋ ಮಕ್ಕಳು ಹುಳ ಸಾಕೋ ಮನೆಯಲ್ಲೋ, ಅದರ ಪಕ್ಕದ ಮನೆಯಲ್ಲೋ ಬೆಳೆದವರು. ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ಮನೆಯವರು ‘ಜ್ವರ’ ಅಂತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ತಿನ್ನೋ ರಭಸ ನೋಡಬೇಕು, ಮಳೆ ಹನಿ ಬಿದ್ದ ಹಾಗೆ ಸದ್ದು ಬರುತ್ತೆ. ಸುಮಾರು ಇಪ್ಪತ್ತೈದು ದಿನಕ್ಕೆ ಹುಳ ಹಣ್ಣಾಗಿ ಚಂದ್ರಿಕೆ ಏರುತ್ತೆ.

ಆ ಮಕ್ಕಳಿಗೆ ಇನ್ನೊಂದು ಗೊತ್ತು. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳ ಸಾಯುತ್ತೆ. ಒಂದು ಬೆಳೆ ಪೂರ್ತಿ ಹೋಗುತ್ತೆ. ನಾವು ಕಾಲೇಜಲ್ಲಿ ಆಹಾರ ಸರಪಳಿ, ವಿಷದ ವರ್ಗಾವಣೆ ಅಂತ ಬಾಣದ ಗುರುತು ಹಾಕಿ ಓದೋದನ್ನ ಈ ಮಗು ಕಣ್ಣಾರೆ ನೋಡಿದೆ. ಮೇಷ್ಟ್ರು ಅಥವಾ ನಾವು ಮಾಡಬೇಕಾದ್ದು ಇಷ್ಟೇ, ಒಂದು ಮುಂದಿನ ಪ್ರಶ್ನೆ: “ಸೊಪ್ಪಿನ ಮೇಲಿನ ಔಷಧಿ ಹುಳಕ್ಕೆ ಹೋಯ್ತು. ಹಾಗಾದ್ರೆ ಹೂವಿನ ಮೇಲಿನ ಔಷಧಿ ಯಾರಿಗೆ ಹೋಗುತ್ತೆ? ಕೆರೆಗೆ ಹೋದದ್ದು?” ಜೇನು, ಕಪ್ಪೆ, ಮೀನು ಅಂತ ಉತ್ತರ ಬರ್ತಾ ಹೋಗುತ್ತೆ. ಔಷಧಿ ಹೊಡೆದ ಅಪ್ಪನನ್ನ ಕೆಟ್ಟವನು ಮಾಡೋ ಅಗತ್ಯ ಇಲ್ಲ. ಗಾಳಿ ಯಾವ ಕಡೆ ಬೀಸ್ತಿದೆ ನೋಡಿ ಹೊಡೀಬೇಕು ಅನ್ನೋದನ್ನ ಮಗುವೇ ಮನೆಗೆ ತಗೊಂಡು ಹೋಗುತ್ತೆ.

3. ಲಂಟಾನ: ಹಸಿರೆಲ್ಲ ಒಳ್ಳೇದಲ್ಲ

ಮಕ್ಕಳಿಗೆ ನಾವು ‘ಹಸಿರೇ ಉಸಿರು’ ಅಂತ ಹೇಳಿಕೊಡ್ತೀವಿ. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟದ ಕಾಡಿನ ಒಳಗೆ ಹೋದರೆ ಹಸಿರು ಬೇಕಾದಷ್ಟಿದೆ, ಅದರಲ್ಲಿ ಬಹಳಷ್ಟು ಲಂಟಾನ. ಅಮೆರಿಕ ಖಂಡದ ಗಿಡ, ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಅಂತ ಭಾರತಕ್ಕೆ ಬಂತು. ಹೂವು ಚೆಂದ, ಹಣ್ಣು ಹಕ್ಕಿ ತಿಂದು ಬೀಜ ಹರಡುತ್ತೆ. ಅದು ದಟ್ಟವಾಗಿ ಬೆಳೆದ ಕಡೆ ಹುಲ್ಲು ಬರಲ್ಲ, ಬೇರೆ ಮರದ ಸಸಿ ಏಳಲ್ಲ. ದನ ತಿಂದರೆ ಕಾಯಿಲೆ ಬೀಳುತ್ತೆ.

ಆನೆ ದಿನಕ್ಕೆ ಸುಮಾರು 150 ಕೆಜಿ ಮೇವು ತಿನ್ನೋ ಪ್ರಾಣಿ. ಕಾಡಲ್ಲಿ ಹುಲ್ಲಿನ ಜಾಗ ಲಂಟಾನ ಹಿಡಿದರೆ ಅದಕ್ಕೆ ಮೇವು ಕಮ್ಮಿ. ಆನೆ ಹೊಲಕ್ಕೆ ಬರೋದಕ್ಕೆ ಕಾರಣ ಇದೊಂದೇ ಅಲ್ಲ. ಹೊಲದ ಬೆಳೆ ರುಚಿ, ಒಂದೇ ಕಡೆ ರಾಶಿಯಾಗಿ ಸಿಗುತ್ತೆ, ದಾರಿಗಳು ಮುಚ್ಚಿವೆ, ಹೀಗೆ ಹಲವು ಸೇರಿವೆ. ಆದರೆ ‘ಆನೆ ಯಾಕೆ ಬರುತ್ತೆ’ ಅನ್ನೋ ಮಗುವಿನ ಪ್ರಶ್ನೆಗೆ ‘ಅದು ಕೆಟ್ಟದ್ದು’ ಅನ್ನೋದಕ್ಕಿಂತ ಇದು ಎಷ್ಟೋ ಒಳ್ಳೆ ಉತ್ತರ.

ಇಲ್ಲಿ ಕಲಿಸೋಕೆ ನಮಗಿಂತ ಯೋಗ್ಯರು ಊರಲ್ಲೇ ಇದ್ದಾರೆ. ಸೋಲಿಗರ ಹಿರಿಯರು ‘ತರಗು ಬೆಂಕಿ’ ಬಗ್ಗೆ ಹೇಳ್ತಾರೆ. ಬೇಸಿಗೆ ಬಲಿಯೋ ಮುಂಚೆ ನೆಲದ ಒಣ ತರಗೆಲೆಗೆ ಮಾತ್ರ ಸಣ್ಣಗೆ ಬೆಂಕಿ ಇಡೋ ಹಳೇ ಪದ್ಧತಿ. ಕಾಡು ಸಂರಕ್ಷಿತ ಪ್ರದೇಶ ಆದಮೇಲೆ ಅದು ನಿಂತಿತು. ಅದು ನಿಂತ ಮೇಲೇ ಲಂಟಾನ ಹೆಚ್ಚಿತು ಅನ್ನೋದು ಅವರ ಅನುಭವ. ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಬಿಳಿಗಿರಿರಂಗನ ಬೆಟ್ಟದಲ್ಲಿ ವರ್ಷಗಟ್ಟಲೆ ಲಂಟಾನ ಹೇಗೆ ಹಬ್ಬಿತು ಅಂತ ಅಳೆದು, ಸೋಲಿಗರ ಈ ತಿಳಿವಳಿಕೆಯನ್ನೂ ದಾಖಲು ಮಾಡಿದ್ದಾರೆ. ಮಹದೇಶ್ವರ ಬೆಟ್ಟದ ಸುತ್ತ ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಪೀಠೋಪಕರಣ ಮಾಡೋ ಕೆಲಸವೂ ನಡೆದಿದೆ. ಒಬ್ಬ ಸೋಲಿಗ ಅಜ್ಜನನ್ನ ಶಾಲೆಗೆ ಕರೆದು ಒಂದು ಗಂಟೆ ಮಾತಾಡಿಸಿದ್ರೆ ನಮ್ಮ ಇಪ್ಪತ್ತು ಸ್ಲೈಡ್‌ಗಿಂತ ಜಾಸ್ತಿ ಕೆಲಸ ಆಗುತ್ತೆ. ಬೆಂಕಿ ವಿಷಯ ಬಂದಾಗ ಒಂದು ಎಚ್ಚರ ಮಾತ್ರ ಕಡ್ಡಾಯವಾಗಿ ಹೇಳಬೇಕು: ಅದು ತಿಳಿದವರ ವಿದ್ಯೆ, ಮಕ್ಕಳು ಕಾಡಿಗೆ ಕಡ್ಡಿ ಗೀರೋ ಹಾಗಿಲ್ಲ.

4. ಹುಲಿಯ ವಿಷಯ ಹೇಗೆ ಹೇಳೋದು?

ಈಗ ಎಲ್ಲಕ್ಕಿಂತ ಕಷ್ಟದ್ದು. 2025ರ ಜೂನ್ ಕೊನೆಯ ವಾರ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಸಿಕ್ಕವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಬಂಧನಗಳಾದವು, ದೇಶವೆಲ್ಲ ಸುದ್ದಿಯಾಯ್ತು. ಇದು ನಡೆದದ್ದು ಹನೂರು ತಾಲೂಕಿನಲ್ಲೇ.

ಚಿಕ್ಕ ಮಕ್ಕಳಿಗೆ ದುರಂತ ಬೇಡ ಅಂತ ಮೇಲೆ ಹೇಳಿದ್ದು ನಿಜ. ಆದರೆ ದೂರದ ದುರಂತ ಬೇರೆ, ಮನೆ ಜಗಲಿ ಮೇಲೆ ಚರ್ಚೆ ಆಗೋ ದುರಂತ ಬೇರೆ. ಇಲ್ಲಿನ ಮಗು ಅದನ್ನ ಈಗಾಗಲೇ ಕೇಳಿಸಿಕೊಂಡಿದೆ. ಒಬ್ಬರು ‘ಪಾಪ ಮರಿಗಳು’ ಅಂದದ್ದನ್ನೂ ಕೇಳಿದೆ, ಇನ್ನೊಬ್ಬರು ‘ನಮ್ಮ ಹಸು ಹೋದಾಗ ಯಾರು ಬಂದರು’ ಅಂದದ್ದನ್ನೂ ಕೇಳಿದೆ. ಶಾಲೆ ಮಾತ್ರ ಸುಮ್ಮನಿದ್ದರೆ ಹೇಗೆ?

ನನಗೆ ತೋಚೋದು ಹೀಗೆ. ಮೊದಲು ಹಸುವಿನ ಮಾತು ಆಡಿ. ಹಾಲು ಮಾರಿ ಬದುಕೋ ಮನೆಗೆ ಒಂದು ಹಸು ಅಂದ್ರೆ ಎಷ್ಟು ದೊಡ್ಡ ಆಸ್ತಿ ಅಂತ ಮಕ್ಕಳೇ ಹೇಳಲಿ. ಆ ನಷ್ಟವನ್ನ ನಾವು ಒಪ್ಪಿಕೊಂಡ ಮೇಲೇ ಮಗು ನಮ್ಮ ಮುಂದಿನ ಮಾತು ಕೇಳೋದು. ಎರಡನೇದು, ದಾರಿ ಇದೆ ಅಂತ ತಿಳಿಸಿ. ವನ್ಯಪ್ರಾಣಿ ದನ ಕೊಂದರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಐದನೇ ಕ್ಲಾಸ್ ಮಕ್ಕಳು ಆ ಅರ್ಜಿ ಬರೆಯೋದನ್ನೇ ಭಾಷಾ ಪಾಠ ಮಾಡಿಕೊಳ್ಳಬಹುದು. ಎಷ್ಟೋ ಮನೆಗಳಲ್ಲಿ ಅರ್ಜಿ ಬರೆಯೋದು ಈ ಮಕ್ಕಳೇ. ಮೂರನೇದು, ವಿಷಕ್ಕೆ ಗುರುತು ಪರಿಚಯ ಇಲ್ಲ ಅನ್ನೋದು. ಹುಲಿಗೆ ಅಂತ ಹಾಕಿದ್ದನ್ನ ಮರಿ ತಿನ್ನುತ್ತೆ, ನರಿ ತಿನ್ನುತ್ತೆ, ರಣಹದ್ದು ತಿನ್ನುತ್ತೆ, ಊರ ನಾಯಿನೂ ತಿನ್ನುತ್ತೆ. ರೇಷ್ಮೆ ಹುಳದ ಪಾಠ ಕಲಿತ ಮಗುವಿಗೆ ಇದನ್ನ ಬಿಡಿಸಿ ಹೇಳೋದೂ ಬೇಡ.

ನಾಲ್ಕನೇದು, ಈ ಸೀಮೆಗೆ ಮಾತ್ರ ಇರೋ ಒಂದು ಭಾಗ್ಯ. ಇಲ್ಲಿನ ಪ್ರತಿ ಮನೆ ದೇವರಾದ ಮಾದಪ್ಪ ಹುಲಿ ಮೇಲೆ ಕೂತಿದ್ದಾನೆ. ಕ್ಯಾಲೆಂಡರ್‌ನಲ್ಲಿ, ಬಸ್ಸಿನ ಗಾಜಿನ ಮೇಲೆ, ಪೂಜೆ ಮನೆಯಲ್ಲಿ ಮಗು ದಿನಾ ನೋಡೋ ಚಿತ್ರ ಅದು. ಬೆಟ್ಟದ ಕಾಡಿನ ಹುಲಿ ಮಾದಪ್ಪನ ವಾಹನ ಅನ್ನೋ ಭಾವನೆ ಯಾವ ಪರಿಸರ ಪುಸ್ತಕಕ್ಕಿಂತ ಹಳೇದು. ಅದನ್ನ ಶಾಲೆಯಲ್ಲಿ ಮಾತಾಡೋಕೆ ಸಂಕೋಚ ಯಾಕೆ?

ಹೊಳೆಮತ್ತಿ ನೇಚರ್ ಫೌಂಡೇಶನ್ ಅನ್ನೋ ಸಂಸ್ಥೆ ಇದೇ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ಒಂದು ಪ್ರಕೃತಿ ಮಾಹಿತಿ ಕೇಂದ್ರ ನಡೆಸ್ತಿದೆ. ಹೊಳೆಮತ್ತಿ ಅಂದ್ರೆ ಕಾವೇರಿ ದಡದಲ್ಲಿ ಬೆಳೆಯೋ ದೊಡ್ಡ ಮರ. ಸುತ್ತಲಿನ ಶಾಲಾ ಮಕ್ಕಳಿಗೆ ತಮ್ಮದೇ ಕಾಡಿನ ಪರಿಚಯ ಮಾಡಿಸೋದು ಅವರ ಕೆಲಸದ ದೊಡ್ಡ ಭಾಗ. ನಮ್ಮಂಥ ಟೀಮ್‌ಗಳು ಹೊಸದಾಗಿ ಶುರು ಮಾಡೋದಕ್ಕಿಂತ ಮೊದಲು ಇಂಥವರನ್ನ ಹೋಗಿ ನೋಡೋದು ಒಳ್ಳೇದು.

ನಾವು ಮಾಡಬಹುದಾದ್ದು

ಸರ್ಕಾರಿ ಶಾಲೆಗೆ ಇದೆಲ್ಲ ಹೊಸದು ಅಂದುಕೊಳ್ಳಬೇಡಿ. 1995ರ ಸುಮಾರಿಗೆ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಈಗ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲೆಲ್ಲ ಇದೆ. ಮಗು ಕಾರ್ಡ್ ಹಿಡಿದು, ಗುಂಪಲ್ಲಿ ಕೂತು, ಮಾಡಿ ಕಲಿಯುತ್ತೆ. ಅಲ್ಲಿನ ಶಿಕ್ಷಕರಿಗೆ ಚಟುವಟಿಕೆ ಅಂದ್ರೇನು ಅಂತ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಇಲ್ಲದಿರೋದು ಸಮಯ ಮತ್ತು ಕೈಗಳು. ನಮ್ಮ ಹತ್ತಿರ ಎರಡೂ ಇವೆ, ಜೊತೆಗೆ ಅಳತೆ ಮಾಡೋ ಅಭ್ಯಾಸ ಇದೆ.

ಒಂದು: ನಲ್ಲಿ ಲೆಕ್ಕ. ಸೋರೋ ನಲ್ಲಿ ಕೆಳಗೆ ಲೋಟ ಇಟ್ಟು ಮಕ್ಕಳು ಹನಿ ಎಣಿಸಲಿ. ಸೆಕೆಂಡಿಗೆ ಒಂದು ಹನಿ ಅಂದ್ರೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೆ 4.3 ಲೀಟರ್. ನಾಲ್ಕು ಬಾಟಲಿ ನೀರು ಸಾಲಾಗಿ ಮೇಜಿನ ಮೇಲಿಟ್ಟು ತೋರಿಸಿ. ಆಮೇಲೆ ಅವರ ಕಣ್ಣೆದುರೇ ವಾಷರ್ ಬದಲಾಯಿಸಿ. ಸಮಸ್ಯೆ ಕಂಡ ದಿನವೇ ಪರಿಹಾರವೂ ಕಾಣಬೇಕು.

ಎರಡು: ಹೂತು ನೋಡೋದು. ಬಾಳೆಹಣ್ಣಿನ ಸಿಪ್ಪೆ, ಕಾಗದ, ಚಾಕೊಲೇಟ್ ಕವರ್, ಮೂರನ್ನೂ ಬೇರೆ ಬೇರೆ ಗುಂಡಿಯಲ್ಲಿ ಹೂತು, ಕಡ್ಡಿ ನೆಟ್ಟು, ಒಂದೂವರೆ ತಿಂಗಳ ನಂತರ ತೆಗೆದು ನೋಡಿ. ಕವರ್ ಹೊಸದರ ಹಾಗೇ ಬರುತ್ತೆ. ಶಿವರಾತ್ರಿ ಸಮಯದಲ್ಲಿ ಬೆಟ್ಟಕ್ಕೆ ಪಾದಯಾತ್ರೆ ಹೋಗೋ ದಾರಿಯ ಪ್ಲಾಸ್ಟಿಕ್ ಏನಾಗುತ್ತೆ ಅಂತ ಆಗ ಕೇಳಿ.

ಮೂರು: ಅಡುಗೆ ಮನೆ ಗೊಬ್ಬರ. ಅಕ್ಷರ ದಾಸೋಹದ ತರಕಾರಿ ಸಿಪ್ಪೆ ದಿನಾ ಸಿಗುತ್ತೆ. ಒಂದು ಪಾಲು ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ, ಸ್ವಲ್ಪ ತೇವ, ಆಗಾಗ ಮಗುಚೋದು. ಎರಡು ಮೂರು ತಿಂಗಳಲ್ಲಿ ಗೊಬ್ಬರ. ಅದು ಶಾಲೆ ಕೈತೋಟದ ನುಗ್ಗೆ ಗಿಡಕ್ಕೆ, ನುಗ್ಗೆ ಸೊಪ್ಪು ಮತ್ತೆ ಸಾರಿಗೆ. ಚಕ್ರ ಅಂದ್ರೇನು ಅಂತ ಬಾಯಲ್ಲಿ ಹೇಳಬೇಕಾಗಿಲ್ಲ.

ಮಾಡಬಾರದ್ದು ಕೂಡ ಇದೆ. ಸ್ಪರ್ಧೆ ಇಟ್ಟು ‘ಪರಿಸರ ಉಳಿಸಿ’ ಪೋಸ್ಟರ್ ಬರೆಸೋದಕ್ಕೆ ಥರ್ಮೋಕೋಲ್ ತರೋದು. ಮನೆಯಲ್ಲಿ ಸೌದೆ ಒಲೆ ಇರೋ ಮಗುವಿನ ಮುಂದೆ ಮರ ಕಡಿಯೋರು ಕಟುಕರು ಅನ್ನೋದು. ಒಂದು ದಿನ ಹೋಗಿ ವಾಪಸ್ ಬಂದುಬಿಡೋದು. ಮಳೆಮಾಪಕ ಒಂದು ವರ್ಷ ಬರೀಬೇಕು, ಸಸಿ ಮೂರು ಬೇಸಿಗೆ ದಾಟಬೇಕು. ನಾವು ಎರಡನೇ ವರ್ಷದಲ್ಲಿ ಒಂದು ಶಾಲೆ ಹಿಡಿದರೆ, ಪಾಸಾಗಿ ಹೋಗೋ ಹೊತ್ತಿಗೆ ಅದು ದಾಟಿರುತ್ತೆ. ಹೋಗೋ ಮುಂಚೆ ಜೂನಿಯರ್ಸ್ ಕೈಗೆ ಆ ಚಾರ್ಟ್ ಕೊಟ್ಟು ಹೋಗಬಹುದು.

ಮಾವನ ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ಆನೆನ ಪ್ರೀತಿ ಮಾಡಲೇಬೇಕು ಅಂತಿಲ್ಲ, ಅದರ ದಾರಿ ಯಾವುದು, ಅದಕ್ಕೆ ಏನು ಬೇಕು ಅಂತ ತಿಳ್ಕೊಂಡ್ರೆ ಸಾಕು. ಅದು ಕಾಡಲ್ಲಿ ಹೊಟ್ಟೆ ತುಂಬಿಸಿಕೊಂಡ್ರೆ ನಿಮ್ಮ ಅಪ್ಪ ಮನೇಲಿ ಮಲಗಬಹುದು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಸರಿ” ಅಂದಳು.

ಈ ಸಲ ನಮ್ಮ ಟೀಮ್ ಜೂನ್ ಬಿಟ್ಟು ಸೆಪ್ಟೆಂಬರ್‌ನಲ್ಲಿ ಹೋಗಲಿ ಅನ್ನೋದು ನನ್ನ ಸಲಹೆ. ಬ್ಯಾನರ್ ಬೇಡ. ಎರಡು ವಾಷರ್, ಒಂದು ಸ್ಪ್ಯಾನರ್, ಒಂದು ಸ್ಕೇಲ್, ಖಾಲಿ ಬಾಟಲಿ ತನ್ನಿ. ಹುಣಸೆ ಬೀಜ ಈಗಿಂದಲೇ ಎತ್ತಿಡಿ, ಮೆಸ್‌ನಲ್ಲಿ ದಿನಾ ಸಾರಿಗೆ ಹುಣಸೆ ನೆನೆಸ್ತಾರೆ.